ಎರಡನೇ ಸಲ ಗೇಟ್ ಬರೆಯುವ ಮುಂಚೆ: ಮಾಕ್ ಟೆಸ್ಟ್ ಅಂಕಪಟ್ಟಿ ಬಿಡಿಸಿ ನೋಡುವ ಬಗೆ

ಮಾಕ್ ಟೆಸ್ಟ್, ಅಂದರೆ ಅಭ್ಯಾಸದ ಅಣಕು ಪರೀಕ್ಷೆ, ಮುಗಿದು ಸಬ್ಮಿಟ್ ಒತ್ತಿದ ಕೂಡಲೇ ಪರದೆಯ ಮೇಲೆ ಅಂಕ, ರ‍್ಯಾಂಕ್, ಪರ್ಸೆಂಟೈಲ್ ಬರುತ್ತವೆ. ಅದರ ಕೆಳಗೇ ಸೊಲ್ಯೂಷನ್ ತೋರಿಸುವ ಬಟನ್ ಇರುತ್ತದೆ. ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯನ್ನು ಎರಡನೇ ಸಲ ಬರೆಯಲು ಹೊರಟವರಿಗೆ ನಾವು ಮೊದಲು ಹೇಳುವುದು ಇಷ್ಟೇ: ಇವತ್ತು ಆ ಬಟನ್ ಮುಟ್ಟಬೇಡಿ.

ಸೊಲ್ಯೂಷನ್ ಓದಿದ ಮೇಲೆ ಪ್ರತಿ ಲೆಕ್ಕವೂ "ಅಯ್ಯೋ, ಇದು ಗೊತ್ತಿದ್ದದ್ದೇ" ಅನ್ನಿಸುತ್ತದೆ. ಮೊದಲ ಸಲ ಬರೆಯುವವರಿಗೆ ಇದರಿಂದ ಅಷ್ಟು ನಷ್ಟವಿಲ್ಲ, ಅವರಿಗೆ ಬಹಳಷ್ಟು ಪಾಠ ಹೊಸದೇ. ಎರಡನೇ ಸಲದವರು ಒಂದು ಸುತ್ತು ಸಿಲಬಸ್ ಮುಗಿಸಿರುತ್ತಾರೆ, ನೋಟ್ಸ್ ಮಾಡಿಟ್ಟಿರುತ್ತಾರೆ. ಅವರ ಅಂಕ ಸೋರುವ ಜಾಗವೇ ಬೇರೆ. ಗೊತ್ತಿಲ್ಲದೆ ಹೋದ ಅಂಕ ಯಾವುದು, ಗೊತ್ತಿದ್ದೂ ಕೈತಪ್ಪಿದ್ದು ಯಾವುದು ಎಂದು ಬೇರೆ ಮಾಡಲು ಇರುವುದು ಒಂದೇ ದಾರಿ: ಉತ್ತರ ನೋಡದೆ ಅದೇ ಪ್ರಶ್ನೆಯನ್ನು ಗಡಿಯಾರವಿಲ್ಲದೆ ಮತ್ತೆ ಬಿಡಿಸುವುದು. ಸೊಲ್ಯೂಷನ್ ಒಮ್ಮೆ ಕಣ್ಣಿಗೆ ಬಿದ್ದರೆ ಆ ಪ್ರಶ್ನೆಯ ಮಟ್ಟಿಗೆ ಈ ಅವಕಾಶ ಮುಗಿಯಿತು.

ಬೆಂಗಳೂರಿನಲ್ಲಿ ಎರಡನೇ ಸಲ ಬರೆಯುವವರಲ್ಲಿ ಕೆಲಸಕ್ಕೆ ಹೋಗುತ್ತಲೇ ಓದುವವರು ತುಂಬಾ ಮಂದಿ. ಅವರಿಗೆ ಹೊಂದುವ ಲೆಕ್ಕ ಹೀಗೆ: ಶನಿವಾರ ಟೆಸ್ಟ್, ಭಾನುವಾರ ಬೆಳಿಗ್ಗೆ ಮರುಬಿಡಿಸುವಿಕೆ, ಭಾನುವಾರ ಸಂಜೆ ಸೊಲ್ಯೂಷನ್ ಮತ್ತು ತಪ್ಪುಗಳ ದಾಖಲೆ. ಟೆಸ್ಟ್‌ಗೆ 3 ಗಂಟೆಯಾದರೆ ವಿಶ್ಲೇಷಣೆಗೆ 5 ಗಂಟೆ ಬೇಕು. ಅಷ್ಟು ಸಮಯ ಸಿಗದ ವಾರ ಟೆಸ್ಟನ್ನೇ ಬಿಡುವುದು ಮೇಲು. ನವೆಂಬರ್‌ನಿಂದ ಜನವರಿವರೆಗೆ 10–12 ಪೂರ್ಣ ಟೆಸ್ಟ್ ಸಾಕು. ಇಪ್ಪತ್ತೈದು ಬರೆದು ಒಂದನ್ನೂ ಬಿಡಿಸಿ ನೋಡದಿದ್ದರೆ ಅದೇ ತಪ್ಪನ್ನು ಇಪ್ಪತ್ತೈದು ಸಲ ಅಭ್ಯಾಸ ಮಾಡಿದಂತಾಗುತ್ತದೆ.

ಟೆಸ್ಟ್ ಬರೆಯುವ ರೀತಿ ಸರಿಯಿಲ್ಲದಿದ್ದರೆ ಸಿಗುವ ಅಂಕಿಗಳೂ ಸುಳ್ಳು ಹೇಳುತ್ತವೆ. ಇತ್ತೀಚಿನ ವರ್ಷಗಳಲ್ಲಿ ಗೇಟ್ ನಡೆಯುವುದು ಬೆಳಿಗ್ಗೆ 9:30ರಿಂದ 12:30, ಮಧ್ಯಾಹ್ನ 2:30ರಿಂದ 5:30. ಮಾಕ್ ಕೂಡ ಇವೆರಡರಲ್ಲಿ ಒಂದು ಹೊತ್ತಿಗೇ ಇರಲಿ. ರಾತ್ರಿ ಊಟ ಮುಗಿಸಿ ಹಾಸಿಗೆಯ ಮೇಲೆ ಕೂತು, ಫೋನ್ ಬಂದಾಗ ಪಾಜ್ ಒತ್ತಿ ನಿಲ್ಲಿಸಿ ಬರೆದ ಟೆಸ್ಟ್‌ನಿಂದ ಸಮಯದ ಬಗ್ಗೆ ಏನೂ ತಿಳಿಯದು. ಮನೆಯಲ್ಲಿ ಗಲಾಟೆಯಿದ್ದರೆ ವಿಜಯನಗರ, ಅತ್ತಿಗುಪ್ಪೆ ಕಡೆ ಬಾಡಿಗೆಗೆ ಸಿಗುವ ಓದುಕೋಣೆಯಲ್ಲಿ ಕೂರಬಹುದು. ಕೈಯ ಕ್ಯಾಲ್ಕುಲೇಟರ್ ಬೇಡ, ಪರದೆಯ ಮೇಲಿನ ವರ್ಚುವಲ್ ಕ್ಯಾಲ್ಕುಲೇಟರನ್ನೇ ಮೌಸ್‌ನಿಂದ ಒತ್ತಿ. ರಫ್ ಹಾಳೆಯಲ್ಲಿ ಪ್ರತಿ ಪ್ರಶ್ನೆಯ ಸಂಖ್ಯೆ ಬರೆದು ಪಕ್ಕದಲ್ಲಿ ಒಂದು ಗುರುತು ಹಾಕಿಕೊಳ್ಳಿ: ಖಚಿತವಿದ್ದರೆ ಗೆರೆ, ಅನುಮಾನವಿದ್ದರೆ ಚುಕ್ಕೆ, ಬರೀ ಊಹೆಯಾದರೆ ಸೊನ್ನೆ. ಒಂದು ಸೆಕೆಂಡಿನ ಕೆಲಸ. ವಿಶ್ಲೇಷಣೆಯ ಅರ್ಧ ಜೀವ ಈ ಗುರುತಿನಲ್ಲೇ ಇದೆ.

ಈಗ ಒಂದು ಮಾದರಿ ಅಂಕಪಟ್ಟಿ ತೆಗೆದುಕೊಳ್ಳೋಣ. ಗೇಟ್ ಪತ್ರಿಕೆಯಲ್ಲಿ 65 ಪ್ರಶ್ನೆ, 100 ಅಂಕ: 1 ಅಂಕದವು 30, 2 ಅಂಕದವು 35. ಇದರಲ್ಲೇ ಜನರಲ್ ಆಪ್ಟಿಟ್ಯೂಡ್‌ನ 10 ಪ್ರಶ್ನೆ, 15 ಅಂಕ ಸೇರಿದೆ. ಒಬ್ಬರು 1 ಅಂಕದ 27 ಪ್ರಶ್ನೆ ಮುಟ್ಟಿ 20 ಸರಿ, 7 ತಪ್ಪು ಮಾಡಿದರು. 2 ಅಂಕದ 25 ಮುಟ್ಟಿ 14 ಸರಿ, 11 ತಪ್ಪು. ಗಳಿಸಿದ್ದು 20 + 28 = 48. ತಪ್ಪಾದವುಗಳಲ್ಲಿ ನಾಲ್ಕು ಆಯ್ಕೆಯಲ್ಲಿ ಒಂದೇ ಸರಿಯಿರುವ ಎಂಸಿಕ್ಯೂಗಳಿಗೆ ಮಾತ್ರ ಋಣಾಂಕ: 1 ಅಂಕದ್ದಕ್ಕೆ 1/3, 2 ಅಂಕದ್ದಕ್ಕೆ 2/3. ಇವರಿಗೆ ಅಂಥವು 4 ಮತ್ತು 6, ಅಂದರೆ 1.33 + 4 = 5.33 ಹೋಯಿತು. ಕೈಗೆ ಬಂದದ್ದು 42.67.

ಈ 42.67 ನೋಡಿ ಬೇಜಾರಾಗಿ ಪುಸ್ತಕ ತೆರೆದು ಮೊದಲ ಅಧ್ಯಾಯದಿಂದ ಶುರು ಮಾಡುವವರೇ ಜಾಸ್ತಿ. ನಿಲ್ಲಿ. ತಪ್ಪಾದ 18 ಮತ್ತು ಬಿಟ್ಟ 13 ಪ್ರಶ್ನೆಗಳನ್ನು ಭಾನುವಾರ ಬೆಳಿಗ್ಗೆ ಖಾಲಿ ಹಾಳೆಯಲ್ಲಿ ಮತ್ತೆ ಬಿಡಿಸಿದಾಗ, ತಪ್ಪಾದವುಗಳಲ್ಲಿ 8 ಪ್ರಶ್ನೆ ಯಾರ ಸಹಾಯವೂ ಇಲ್ಲದೆ ಸರಿಯಾದವು ಅನ್ನಿ: 1 ಅಂಕದವು 3, 2 ಅಂಕದವು 5, ಒಟ್ಟು 13 ಅಂಕ. ಅವುಗಳಲ್ಲಿ 2 ಮತ್ತು 3 ಎಂಸಿಕ್ಯೂಗಳಾದರೆ ಹೋಗಿದ್ದ 2.67 ಋಣಾಂಕವೂ ವಾಪಸು. ಬಿಟ್ಟಿದ್ದರಲ್ಲಿ 2 ಅಂಕದ 4 ಪ್ರಶ್ನೆ ಬಂದವು, ಇನ್ನೊಂದು 8. ಎಲ್ಲ ಕೂಡಿಸಿದರೆ 66.33. ಇನ್ನು ಸರಿಯುತ್ತರಗಳ ಕಡೆ ಬನ್ನಿ. ಸೊನ್ನೆ ಗುರುತು ಹಾಕಿದ್ದ 2 ಅಂಕದ 3 ಪ್ರಶ್ನೆ ಸರಿಯಾಗಿವೆ. ಅದು ಅದೃಷ್ಟದ 6 ಅಂಕ, ಕಳೆಯಿರಿ. ಉಳಿದದ್ದು 60.33.

ಇವತ್ತಿನ ಓದಿಗೇ, ಒಂದು ಹೊಸ ಪುಟ ಓದದೆಯೂ, ಈ ವ್ಯಕ್ತಿಯ ನಿಜವಾದ ತಿಳಿವಳಿಕೆ 60ರ ಸುತ್ತ ಇದೆ. 43ಕ್ಕೂ 60ಕ್ಕೂ ನಡುವಿನ ಅಂತರ ಪರೀಕ್ಷೆ ಬರೆಯುವ ಕ್ರಮದ್ದು, 60ರಿಂದ ಮೇಲಿನದು ಓದಿನದು. ಅಷ್ಟೂ 17 ಅಂಕ ಮುಂದಿನ ಟೆಸ್ಟ್‌ನಲ್ಲೇ ಬಂದುಬಿಡುತ್ತದೆ ಎಂದಲ್ಲ. ಗಡಿಯಾರವಿಲ್ಲದೆ 12 ನಿಮಿಷ ಹಿಡಿದ ಲೆಕ್ಕ ಪರೀಕ್ಷೆಯಲ್ಲಿ ಬರುವುದಿಲ್ಲ. ಆದ್ದರಿಂದ ಮರುಬಿಡಿಸುವಾಗಲೂ ಪ್ರತಿ ಪ್ರಶ್ನೆಗೆ ಹಿಡಿದ ನಿಮಿಷ ಬರೆದಿಡಿ, 6 ನಿಮಿಷ ದಾಟಿದವನ್ನು "ಗೊತ್ತಿದ್ದದ್ದು" ಎಂಬ ಪಟ್ಟಿಗೆ ಸೇರಿಸಬೇಡಿ.

ಅದಾದ ಮೇಲೆ ಕಾರಣ ಬರೆಯುವ ಕೆಲಸ. ಇಲ್ಲಿ ಒಂದು ಪದವನ್ನು ನಾವು ಪೂರ್ತಿ ನಿಷೇಧಿಸಿದ್ದೇವೆ: "ಸಿಲ್ಲಿ ಮಿಸ್ಟೇಕ್". ಹಾಗೆ ಬರೆದ ಕ್ಷಣ ವಿಚಾರಣೆ ಮುಗಿದುಹೋಗುತ್ತದೆ. ಬದಲಿಗೆ, ಲೆಕ್ಕದಲ್ಲಿ ಮೊದಲು ತಪ್ಪಿದ ಹೆಜ್ಜೆ ಯಾವುದು ಎಂದು ಒಂದು ವಾಕ್ಯ ಬರೆಯಿರಿ.

ಸಿವಿಲ್ ಎಂಜಿನಿಯರಿಂಗ್‌ನವರಿಗೆ ಚಿರಪರಿಚಿತವಾದ ಒಂದು ಲೆಕ್ಕ ನೋಡಿ. ಆಯತಾಕಾರದ ಕಾಲುವೆ, ಅಗಲ 3 ಮೀಟರ್, ನೀರಿನ ಆಳ 1.2 ಮೀಟರ್, ಮ್ಯಾನಿಂಗ್ ಗುಣಾಂಕ (ಕಾಲುವೆಯ ಒರಟುತನದ ಅಳತೆ) 0.015, ತಳದ ಇಳಿಜಾರು 1600ಕ್ಕೆ 1. ಸೆಕೆಂಡಿಗೆ ಎಷ್ಟು ಘನಮೀಟರ್ ಹರಿವು, ಎರಡು ದಶಮಾಂಶಕ್ಕೆ ಹೇಳಿ. ವಿಸ್ತೀರ್ಣ 3.6. ನೀರು ತಾಗುವ ಸುತ್ತಳತೆ 3 + 1.2 + 1.2 = 5.4. ವಿಸ್ತೀರ್ಣವನ್ನು ಸುತ್ತಳತೆಯಿಂದ ಭಾಗಿಸಿದರೆ ಹೈಡ್ರಾಲಿಕ್ ತ್ರಿಜ್ಯ 0.6667, ಅದರ 2/3 ಘಾತ 0.7631. ಇಳಿಜಾರಿನ ವರ್ಗಮೂಲ 0.025. ವೇಗ 0.7631 × 0.025 ÷ 0.015 = 1.272, ಅದನ್ನು ವಿಸ್ತೀರ್ಣದಿಂದ ಗುಣಿಸಿದರೆ ಹರಿವು 4.58.

ನಿಮ್ಮ ಉತ್ತರ 4.61 ಬಂದಿತ್ತೇ? ಹಾಗಾದರೆ ತ್ರಿಜ್ಯವನ್ನು 0.67 ಎಂದೂ, ಅದರ ಘಾತವನ್ನು 0.77 ಎಂದೂ, ವೇಗವನ್ನು 1.28 ಎಂದೂ ನಡುನಡುವೆಯೇ ದುಂಡಗೆ ಮಾಡಿದ್ದೀರಿ. ಸರಿಯುತ್ತರಗಳ ಕೀಯಲ್ಲಿ 4.55ರಿಂದ 4.60 ಎಂದು ವ್ಯಾಪ್ತಿ ಕೊಟ್ಟಿದ್ದರೆ 2 ಅಂಕ ಹೋಯಿತು. 3.41 ಬಂದಿತ್ತೇ? ಸುತ್ತಳತೆಗೆ ನೀರಿನ ಮೇಲ್ಮೈಯನ್ನೂ ಸೇರಿಸಿ 8.4 ಮಾಡಿದ್ದೀರಿ; ಇದು ಪಾಠದ ತಪ್ಪು, ಪುಸ್ತಕಕ್ಕೆ ಹೋಗಿ. 14.48 ಬಂದಿತ್ತೇ? 1600 ಎಂಬುದನ್ನು 160 ಎಂದು ಓದಿದ್ದೀರಿ. 0.89 ಬಂದಿದ್ದರೆ ಕ್ಯಾಲ್ಕುಲೇಟರಿನಲ್ಲಿ ಘಾತಕ್ಕೆ ಆವರಣ ಹಾಕದೆ 2/3 ಒತ್ತಿದ್ದೀರಿ, ಅದು ಮೊದಲು ವರ್ಗ ಮಾಡಿ ಆಮೇಲೆ 3ರಿಂದ ಭಾಗಿಸಿದೆ.

ಒಂದೇ ಪ್ರಶ್ನೆ, ಒಂದೇ ಕೆಂಪು ಗುರುತು, ನಾಲ್ಕು ಬೇರೆ ಬೇರೆ ರೋಗ. ಔಷಧಿಯೂ ಬೇರೆ. ನಡುವೆ ದುಂಡಗೆ ಮಾಡುವವರು ಕ್ಯಾಲ್ಕುಲೇಟರಿನ ಮೆಮೊರಿ ಬಟನ್ ಬಳಸಲು ಕಲಿಯಬೇಕು, ಇಲ್ಲವೇ ನಾಲ್ಕು ದಶಮಾಂಶ ಹಿಡಿದು ಸಾಗಬೇಕು. ಓದುವುದರಲ್ಲಿ ಎಡವುವವರು ಕೊಟ್ಟ ಅಂಕಿಗಳನ್ನು ಒಂದು ಸಾಲಿನಲ್ಲಿ ರಫ್ ಹಾಳೆಗೆ ಇಳಿಸಿಕೊಂಡು ಪರದೆಯೊಡನೆ ಒಮ್ಮೆ ತಾಳೆ ನೋಡಬೇಕು. ಇವರಿಬ್ಬರೂ ದ್ರವಶಾಸ್ತ್ರದ ಅಧ್ಯಾಯ ಮತ್ತೆ ಓದಿ ಪ್ರಯೋಜನವಿಲ್ಲ. ತಪ್ಪು ಉತ್ತರದ ಅಂಕಿಯಿಂದ ಹಿಂದಕ್ಕೆ ನಡೆದು ಕಾರಣ ಹಿಡಿಯುವುದು ನಿಧಾನದ ಕೆಲಸ ನಿಜ, ಒಂದು ಪ್ರಶ್ನೆಗೆ ಹತ್ತು ನಿಮಿಷವೂ ಆಗಬಹುದು. ಆದರೆ ಇಡೀ ವಿಶ್ಲೇಷಣೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಹತ್ತು ನಿಮಿಷ ಇನ್ನೊಂದಿಲ್ಲ. ರಫ್ ಹಾಳೆ ಎಸೆಯಬೇಡಿ ಎನ್ನುವುದೂ ಇದಕ್ಕೇ. ದಾಖಲೆಗೆ ಉದ್ದ ನೋಟ್‌ಬುಕ್ ಆದರೂ ಸರಿ, ಎಕ್ಸೆಲ್ ಆದರೂ ಸರಿ: ಟೆಸ್ಟ್ ಸಂಖ್ಯೆ, ಅಧ್ಯಾಯ, ಅಂಕ, ಹಿಡಿದ ಸಮಯ, ನಿಮ್ಮ ಗುರುತು, ಮೊದಲು ತಪ್ಪಿದ ಹೆಜ್ಜೆ, ಮತ್ತೆ ಬಿಡಿಸಬೇಕಾದ ದಿನ. ಮತ್ತೆ ಬಿಡಿಸುವುದು ಮೊದಲು 3ನೇ ದಿನ, ಆಮೇಲೆ 10ನೇ ದಿನ, ಕೊನೆಗೆ 30ನೇ ದಿನ.

ಕ್ಯಾಲ್ಕುಲೇಟರಿನ ವಿಷಯಕ್ಕೆ ಬಂದರೆ ಇನ್ನೆರಡು ಕಡೆ ಜನ ಬೀಳುತ್ತಾರೆ. ಅದು ತೆರೆದುಕೊಳ್ಳುವುದು ಡಿಗ್ರಿಯಲ್ಲಿ. ರೇಡಿಯನ್ ಬೇಕಾದ ಕಡೆ ಬದಲಿಸದಿದ್ದರೆ ಸೈನ್, ಕಾಸ್ ಎಲ್ಲ ತಪ್ಪು. ಹತ್ತರ ಘಾತ ಹಾಕುವ ಬಟನ್ನೂ ಇ ಘಾತದ ಬಟನ್ನೂ ಬೇರೆ ಬೇರೆ, ಹೆಸರು ಹತ್ತಿರವಿರುವುದರಿಂದ ಅವಸರದಲ್ಲಿ ಅದಲುಬದಲಾಗುತ್ತದೆ. ಪರದೆಯ ಮೇಲಿನ ಇನ್ನೊಂದು ಹಳ್ಳ ಇದಕ್ಕಿಂತ ಆಳ: ಆಯ್ಕೆಯನ್ನು ಒತ್ತಿ, 'ಸೇವ್ ಆ್ಯಂಡ್ ನೆಕ್ಸ್ಟ್' ಒತ್ತದೆ ಬಲಗಡೆಯ ಸಂಖ್ಯೆಗಳ ಮೇಲೆ ನೇರವಾಗಿ ಒತ್ತಿ ಬೇರೆ ಪ್ರಶ್ನೆಗೆ ಹೋದರೆ ಉತ್ತರ ಉಳಿಯುವುದಿಲ್ಲ. ರಫ್ ಹಾಳೆಯಲ್ಲಿ ಗೆರೆಯಿದ್ದು ಅಂಕಪಟ್ಟಿಯಲ್ಲಿ "ಉತ್ತರಿಸಿಲ್ಲ" ಎಂದಿದ್ದರೆ ಕಾರಣ ಬಹುತೇಕ ಇದೇ.

ಸಮಯದ ಲೆಕ್ಕ ಹೀಗಿಡಿ. 1 ಅಂಕದ್ದಕ್ಕೆ ಒಂದೂವರೆ ನಿಮಿಷದಂತೆ 30ಕ್ಕೆ 45 ನಿಮಿಷ, 2 ಅಂಕದ್ದಕ್ಕೆ ಮೂರೂಕಾಲು ನಿಮಿಷದಂತೆ 35ಕ್ಕೆ ಸುಮಾರು 114. ಉಳಿಯುವುದು 21 ನಿಮಿಷ, ಅದು ಮರುನೋಟಕ್ಕೆ. ಮಾಕ್ ಸೈಟ್‌ಗಳು ಪ್ರಶ್ನೆವಾರು ಸಮಯ ಕೊಡುತ್ತವೆ. ಅದರಲ್ಲಿ 5 ನಿಮಿಷ ದಾಟಿಯೂ ತಪ್ಪಾದ ಪ್ರಶ್ನೆಗಳನ್ನು ಮಾತ್ರ ಹೆಕ್ಕಿ ನಿಮಿಷ ಕೂಡಿಸಿ. ಅಂಥವು ನಾಲ್ಕಿದ್ದು ಒಟ್ಟು 28 ನಿಮಿಷವಾದರೆ, ಬಿಟ್ಟುಬಂದ ಎಂಟು ಪ್ರಶ್ನೆಗಳ ಸಮಯ ಅಲ್ಲಿ ಹೋಗಿದೆ. ಕೈಬಿಡುವ ಗಳಿಗೆ ಮೊದಲೇ ನಿಶ್ಚಯವಾಗಿರಬೇಕು: 2 ಅಂಕದ ಪ್ರಶ್ನೆಗೆ ಎರಡು ನಿಮಿಷ ಕಳೆದರೂ ಸಮೀಕರಣ ಕಾಗದದ ಮೇಲೆ ಬಂದಿಲ್ಲವೆಂದರೆ ಮುಂದೆ ಹೋಗಿ, ಎರಡನೇ ಸುತ್ತಿನಲ್ಲಿ ಬನ್ನಿ.

ಮೂರು ಗಂಟೆಯನ್ನು 45 ನಿಮಿಷದ ನಾಲ್ಕು ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಮುಟ್ಟಿದ್ದೆಷ್ಟು, ಸರಿಯಾದದ್ದೆಷ್ಟು ಎಂದೂ ನೋಡಿ. ಮೂರನೇ ತುಂಡಿನಲ್ಲಿ ಸತತವಾಗಿ ಕುಸಿಯುತ್ತಿದ್ದರೆ ಅದು ದಣಿವು. ಮಧ್ಯಾಹ್ನದ ಟೆಸ್ಟ್‌ಗಳಲ್ಲಿ ಮಾತ್ರ ಹೀಗಾದರೆ ಊಟದ ಹೊತ್ತನ್ನೂ ಪ್ರಮಾಣವನ್ನೂ ಬದಲಿಸಿ ನೋಡಬೇಕು. ಹೊಟ್ಟೆ ತುಂಬ ಉಂಡು 2:30ಕ್ಕೆ ಕೂತರೆ 4 ಗಂಟೆಗೆ ಕಣ್ಣು ಎಳೆಯುತ್ತದೆ. ಮೊದಲ ತುಂಡೇ ಕೆಟ್ಟದಾಗಿದ್ದರೆ ಪತ್ರಿಕೆ ತೆರೆದ ಗಾಬರಿ ಎಂದರ್ಥ, ಅಂಥವರು ತಮಗೆ ಸಲೀಸಾದ ಭಾಗದಿಂದ ಶುರು ಮಾಡಬೇಕು. ಹೆಚ್ಚಿನವರಿಗೆ ಅದು ಜನರಲ್ ಆಪ್ಟಿಟ್ಯೂಡ್.

ಊಹೆಯ ಬಗ್ಗೆ ಎಲ್ಲರೂ ಗಟ್ಟಿಯಾಗಿ ಏನೋ ಒಂದು ಹೇಳುತ್ತಾರೆ, ಲೆಕ್ಕ ಹಾಕಿ ನೋಡುವವರು ಕಡಿಮೆ. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಒತ್ತಿದರೆ ಸರಾಸರಿ ಲಾಭ ಸೊನ್ನೆ: 1/4 ಬಂದದ್ದು, 3/4ರ 1/3 ಹೋದದ್ದು, ಎರಡೂ ಸಮ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಿದರೆ 2 ಅಂಕದ ಪ್ರಶ್ನೆಗೆ ಸರಾಸರಿ 0.22 ಲಾಭ, ಎರಡನ್ನು ತಳ್ಳಿಹಾಕಿದರೆ 0.67. ಇದು ಕಾಗದದ ಮಾತು. ನಿಮ್ಮ ಊಹೆ ಹೇಗಿದೆ ಎಂದು ಹೇಳುವುದು ನಿಮ್ಮ ಸೊನ್ನೆ ಗುರುತುಗಳೇ. ಐದು ಟೆಸ್ಟ್ ಸೇರಿ 2 ಅಂಕದ 24 ಊಹೆಗಳಲ್ಲಿ 8 ಸರಿಯಿದ್ದರೆ 16 ಬಂದು 10.67 ಹೋಗಿ 5.33 ಉಳಿಯಿತು. 5 ಮಾತ್ರ ಸರಿಯಿದ್ದರೆ 10 ಬಂದು 12.67 ಹೋಯಿತು, ನಷ್ಟ 2.67. ಹಾಗಿದ್ದರೆ ಪ್ರಶ್ನೆ ಮಾಡುವವರು ಇಟ್ಟ ಬಲೆಯಲ್ಲೇ ನೀವು ಬೀಳುತ್ತಿದ್ದೀರಿ. ಎಲ್ಲರೂ ಮಾಡುವ ತಪ್ಪಿನ ಉತ್ತರವನ್ನು ಒಂದು ಆಯ್ಕೆಯಾಗಿ ಇಡುವುದು ಅವರ ರೂಢಿ.

ಒಂದಕ್ಕಿಂತ ಹೆಚ್ಚು ಆಯ್ಕೆ ಸರಿಯಿರಬಹುದಾದ ಎಂಎಸ್‌ಕ್ಯೂ ಮತ್ತು ಅಂಕಿ ತುಂಬುವ ಎನ್‌ಎಟಿಗೆ ಋಣಾಂಕ ಇಲ್ಲ. ಆದ್ದರಿಂದ ಎಂಎಸ್‌ಕ್ಯೂ ಖಾಲಿ ಬಿಟ್ಟು ಬರುವುದೇ ತಪ್ಪು. ಆದರೆ ಅದರಲ್ಲಿ ಭಾಗಶಃ ಅಂಕವೂ ಇಲ್ಲ: ಎ, ಬಿ, ಡಿ ಮೂರೂ ಸರಿಯಿದ್ದು ಎ, ಬಿ ಮಾತ್ರ ಒತ್ತಿದರೆ ಸೊನ್ನೆ. ದಾಖಲೆಯಲ್ಲಿ "ಒಂದು ಬಿಟ್ಟೆ" ಮತ್ತು "ಒಂದು ಹೆಚ್ಚು ಒತ್ತಿದೆ" ಎಂದು ಬೇರೆ ಬೇರೆ ಬರೆಯಿರಿ. ಬಿಡುವವರು ಎರಡು ಸರಿ ಸಿಕ್ಕ ಕೂಡಲೇ ನಿಲ್ಲಿಸುತ್ತಾರೆ, ಉಳಿದೆರಡನ್ನು ಪರೀಕ್ಷಿಸುವುದಿಲ್ಲ. ಹೆಚ್ಚು ಒತ್ತುವವರಿಗೆ ನಿಯಮ ಗೊತ್ತು, ಅದರ ಅಪವಾದ ಗೊತ್ತಿಲ್ಲ.

ಎರಡನೇ ಸಲದವರ ಬಳಿ ಮೊದಲ ಸಲದವರಿಗಿಲ್ಲದ ಒಂದು ಕಾಗದ ಇರುತ್ತದೆ: ನಿಜವಾದ ಪರೀಕ್ಷೆಯ ರೆಸ್ಪಾನ್ಸ್ ಶೀಟ್, ಅಂದರೆ ಪ್ರತಿ ಪ್ರಶ್ನೆಗೆ ತಾವು ಕೊಟ್ಟ ಉತ್ತರಗಳ ಪಟ್ಟಿ. ಹಿಂದಿನ ವರ್ಷ ಪೋರ್ಟಲ್‌ನಿಂದ ಇಳಿಸಿಟ್ಟುಕೊಂಡಿದ್ದರೆ ಅದನ್ನೂ ಅಂತಿಮ ಕೀಯನ್ನೂ ಪಕ್ಕಪಕ್ಕ ಇಟ್ಟು ಮೇಲೆ ಹೇಳಿದ ಇಡೀ ಕೆಲಸ ಮಾಡಿ. ಯಾವ ಮಾಕ್‌ಗಿಂತಲೂ ಇದರ ತೂಕ ಹೆಚ್ಚು, ಏಕೆಂದರೆ ಆ ದಿನದ ಭಯ, ನಿದ್ದೆಗೆಟ್ಟ ರಾತ್ರಿ, ಊರ ಈ ತುದಿಯಿಂದ ಆ ತುದಿಯ ಕೇಂದ್ರಕ್ಕೆ ಹೋದ ಆಯಾಸ ಎಲ್ಲ ಅದರಲ್ಲಿ ಸೇರಿದೆ. ಮಾಕ್‌ನಲ್ಲಿ 1 ಅಂಕದ ಪ್ರಶ್ನೆಗಳಲ್ಲಿ ಎಡವದವರು ಅಲ್ಲಿ ಎಡವಿದ್ದರೆ ಓದನ್ನು ದೂರಬೇಡಿ, ಮಾಕ್ ಬರೆಯುವ ಪರಿಸ್ಥಿತಿಯನ್ನು ಬಿಗಿ ಮಾಡಿ.

ಎರಡನೇ ಸಲದವರಿಗೇ ಇರುವ ಒಂದು ಮೋಸವೂ ಇದೆ. ಹಳೆಯ ಗೇಟ್ ಪತ್ರಿಕೆಗಳನ್ನು ಮಾಕ್ ಎಂದು ಬರೆದಾಗ ಹತ್ತು ಹದಿನೈದು ಪ್ರಶ್ನೆ ಮೊದಲೇ ನೋಡಿದ್ದಾಗಿರುತ್ತವೆ. ಕೈ ತಾನಾಗಿ ಬರೆಯುತ್ತದೆ, ಅಂಕ ಏರುತ್ತದೆ. ಅಂಥವಕ್ಕೆ ಇನ್ನೊಂದು ಗುರುತು ಹಾಕಿ, ನಿಖರತೆಯ ಲೆಕ್ಕದಿಂದ ಪೂರ್ತಿ ಹೊರಗಿಡಿ. 65ರಲ್ಲಿ 12 ನೋಡಿದ್ದಾದರೆ ಉಳಿದ 53ರ ಮೇಲೆ ಮಾತ್ರ ಲೆಕ್ಕ. ಹಾಗೆಯೇ ಎರಡು ಬೇರೆ ಟೆಸ್ಟ್ ಸೀರೀಸ್‌ಗಳ ಅಂಕವನ್ನು ಒಂದೇ ಸಾಲಿನಲ್ಲಿ ಹೋಲಿಸಬೇಡಿ, ಕಷ್ಟದ ಮಟ್ಟವೇ ಬೇರೆ.

ಅಧ್ಯಾಯವಾರು ತೀರ್ಮಾನಕ್ಕೂ ತಾಳ್ಮೆ ಬೇಕು. ಒಂದು ಟೆಸ್ಟ್‌ನಲ್ಲಿ ಒಂದು ಅಧ್ಯಾಯದಿಂದ ಎರಡೇ ಪ್ರಶ್ನೆ ಬಂದು ಎರಡೂ ತಪ್ಪಾದರೆ ಆ ಅಧ್ಯಾಯ ಬಾರದು ಎಂದಾಗುವುದಿಲ್ಲ. ನಾಲ್ಕೈದು ಟೆಸ್ಟ್ ಸೇರಿಸಿ ನೋಡಿ, ಅಲ್ಲಿಯವರೆಗೆ ಕಾಯಿರಿ. ಆಮೇಲೆ ಅಧ್ಯಾಯಗಳನ್ನು ಕಳೆದುಕೊಂಡ ಅಂಕದ ಕ್ರಮದಲ್ಲಿ ಬರೆದು, ವಾರಕ್ಕೆ ಮೂರನ್ನು ಮಾತ್ರ ಆರಿಸಿಕೊಳ್ಳಿ. ಪ್ರೀತಿಯ ವಿಷಯವನ್ನೇ ಮತ್ತೆ ಮತ್ತೆ ಓದಿ 80ರಿಂದ 85 ಶೇಕಡಾ ನಿಖರತೆಗೆ ಏರಿಸುವ ಆಸೆ ಎಲ್ಲರಿಗೂ ಇರುತ್ತದೆ. ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್‌ನಲ್ಲಿ ಕಳೆದುಕೊಳ್ಳುತ್ತಿರುವ ಆರೇಳು ಅಂಕದ ಕಡೆ ಮೊದಲು ನೋಡಿ. ಬಹುತೇಕ ಪತ್ರಿಕೆಗಳಲ್ಲಿ ಅದಕ್ಕೆ 13 ಅಂಕವಿದೆ.

ಒಂದೊಂದು ಅಂಕಕ್ಕೂ ಇಷ್ಟು ಪಾಡು ಏಕೆ ಎಂದರೆ ಅಂಕವನ್ನು ಗೇಟ್ ಸ್ಕೋರ್‌ಗೆ ಬದಲಿಸುವ ಲೆಕ್ಕ ಹಾಗಿದೆ. ಆ ಪತ್ರಿಕೆಯ ಅರ್ಹತಾ ಅಂಕಕ್ಕೆ 350, ಮೇಲಿನ 0.1 ಶೇಕಡಾ ಅಥವಾ 10 ಮಂದಿ, ಯಾವ ಗುಂಪು ದೊಡ್ಡದೋ ಅವರ ಸರಾಸರಿಗೆ 900 ಎಂದಿಟ್ಟು ನಡುವಿನದನ್ನು ನೇರ ಅನುಪಾತದಲ್ಲಿ ಹಂಚುತ್ತಾರೆ. ಅರ್ಹತಾ ಅಂಕ 28, ಮೇಲಿನವರ ಸರಾಸರಿ 82 ಎಂದುಕೊಂಡರೆ 55 ಅಂಕಕ್ಕೆ 625 ಸ್ಕೋರ್, ಪ್ರತಿ ಅಂಕಕ್ಕೆ ಸುಮಾರು 10. ಐಐಎಸ್‌ಸಿ ಕಣ್ಣಮುಂದೆ ಇಟ್ಟುಕೊಂಡವರಿಗೆ ಮೇಲಿನ ಮಾದರಿಯ 5.33 ಋಣಾಂಕ ಎಂದರೆ 50ಕ್ಕೂ ಹೆಚ್ಚು ಸ್ಕೋರ್. ಸ್ಕೋರ್ 3 ವರ್ಷ ಊರ್ಜಿತವಿರುತ್ತದೆ, ಈ ಸಲ ಕಡಿಮೆ ಬಂದರೆ ಹಳೆಯದು ಅಳಿಸಿಹೋಗುವುದಿಲ್ಲ. ಇದನ್ನು ತಿಳಿದು ಕೂತರೆ ಕೈ ನಡುಗುವುದು ಕಡಿಮೆ.

ಕೊನೆಯ ಪೂರ್ಣ ಟೆಸ್ಟ್ ಪರೀಕ್ಷೆಗೆ 5–6 ದಿನ ಮುಂಚೆ ಇರಲಿ, ಅದರ ವಿಶ್ಲೇಷಣೆಗೆ ಎರಡು ದಿನ ಬೇಕು. ಆಮೇಲೆ ಹೊಸ ಪ್ರಶ್ನೆ ಬೇಡ. ದಾಖಲೆಯಲ್ಲಿ ಮೂರಕ್ಕಿಂತ ಹೆಚ್ಚು ಸಲ ಬಂದ "ಮೊದಲು ತಪ್ಪಿದ ಹೆಜ್ಜೆ"ಗಳನ್ನು ಒಂದೇ ಹಾಳೆಗೆ ಇಳಿಸಿ, ಹತ್ತು ಸಾಲು ದಾಟದಂತೆ. ಬೆಳಿಗ್ಗೆ ಕೇಂದ್ರಕ್ಕೆ ಹೋಗುವ ಮೆಟ್ರೋದಲ್ಲಿ ಓದಲು ಅಷ್ಟೇ ಸಾಕು. ಹಾಳೆಯನ್ನು ಒಳಗೆ ಬಿಡುವುದಿಲ್ಲ. ಟೈಮರ್ ಶುರುವಾದ ಮೇಲೆ ರಫ್ ಕೆಲಸಕ್ಕೆ ಕೊಡುವ ಸ್ಕ್ರಿಬಲ್ ಪ್ಯಾಡಿನ ಮೊದಲ ಪುಟದ ಮೇಲ್ಗಡೆ ಅದರಿಂದ ಮೂರು ಪದ ನೆನಪಿನಿಂದ ಬರೆದುಕೊಳ್ಳಿ: ಡಿಗ್ರಿಯೋ ರೇಡಿಯನ್ನೋ, ಆವರಣ, ಸೇವ್. ಹತ್ತು ಸೆಕೆಂಡ್ ಹಿಡಿಯುತ್ತದೆ.